ಹನೂರು ಬೋರ್ಡಿನ ಬಸ್ಸು – ಏಳನೇ ಕಂತು: ಓದು ಬಾರದವಳ ಸಾಕ್ಷಿ

ಇಂಜಿನ್ ತಿರುಗಿಸುವ ಕಬ್ಬಿಣದ ಹ್ಯಾಂಡಲ್ಲು ಎರಡನೇ ಸಲ ಮೇಲೆದ್ದಾಗ ಮಾದಸ್ವಾಮಿ ಎಡಗೈಯನ್ನಷ್ಟೇ ಅಡ್ಡ ಹಿಡಿದ. ಬಟ್ಟೆ ಸುತ್ತಿದ್ದ ಬಲಗೈಯನ್ನು ಹೊಟ್ಟೆಯೊಳಕ್ಕೆ ಒತ್ತಿಕೊಂಡು ಅದರ ಮೇಲೆ ಬಗ್ಗಿದ್ದ, ತಾಯಿ ಕೂಸಿನ ಮೇಲೆ ಬಗ್ಗುವ ಹಾಗೆ.

"ತೆಗಿಯಲಾ ಆ ಕೈನ! ಬೋರ್ಡು ಬರೆದ ಕೈ ತೆಗಿ! ಹಿಟ್ಟು ಮಾಡ್ತೀನಿ ಅದ್ನ!"

ಹ್ಯಾಂಡಲ್ಲು ಇಳಿಯಿತು. ಎಡಮುಂಗೈ ಒಣಗಿದ ಕಬ್ಬಿನಂತೆ ಲಟಕ್ಕೆಂದಿತು. ಕೊಳ್ಳೇಗಾಲದ ಬಸ್ ಸ್ಟಾಂಡಿನಲ್ಲಿ ನೆರೆದಿದ್ದ ಇನ್ನೂರು ಜನ ಒಂದೇ ಬಾಯಾಗಿ "ಹೋ" ಅಂದರು. ಬೇಡವೆಂದವರು ಒಬ್ಬರೂ ಇಲ್ಲ.

"ಒಂದು ಮುರೀತು ಕಣ್ಲಾ, ಇನ್ನೊಂದು ನೋಡು!" ಎಂದು ಹಿಂದಿನಿಂದ ಯಾರೋ ಕೂಗಿದರು.

ಹೊಡೆಯುತ್ತಿದ್ದವನು ಪುಟ್ಟಮಾದಪ್ಪ. ಸತ್ತವನ ತಮ್ಮ. ಅಣ್ಣನ ಹೆಣ ಸುಟ್ಟು ಮೂರು ದಿನವಾಗಿತ್ತು. ಬೋಳಿಸಿದ ತಲೆಯ ಮೇಲೆ ಬೆವರು ಎಣ್ಣೆಯಂತೆ ಹರಿಯುತ್ತಿತ್ತು. ಮೂರನೇ ಏಟಿಗೆ ಹ್ಯಾಂಡಲ್ಲು ಎತ್ತಿದ. ಅದು ಇಳಿಯಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಕೆಂಪನಂಜಪ್ಪ ಅದರ ತುದಿಯನ್ನು ಹಿಂದಿನಿಂದ ಹಿಡಿದಿದ್ದ.

ಪುಟ್ಟಮಾದಪ್ಪ ತಿರುಗಿದ. ಪೊಲೀಸೆಂದು ಕಂಡರೂ ಕೈ ನಿಲ್ಲಲಿಲ್ಲ. ಇನ್‌ಸ್ಪೆಕ್ಟರ ಎದೆಗೇ ಗುದ್ದಿದ. ಕೆಂಪನಂಜಪ್ಪ ಹ್ಯಾಂಡಲ್ಲನ್ನು ಕಸಿದು ದೂರ ಎಸೆದ. ಮೊಣಕಾಲಿನಿಂದ ಹೊಟ್ಟೆಗೊಂದು ಕೊಟ್ಟು, ಬಗ್ಗಿದವನ ಕತ್ತು ಹಿಡಿದು, ಮುಖವನ್ನು ಬಸ್ಸಿನ ಮಡ್‌ಗಾರ್ಡಿಗೆ ಒತ್ತಿದ. ಹಲ್ಲು ತಗಡಿಗೆ ತಾಗಿದ ಸದ್ದು ಎಲ್ಲರಿಗೂ ಕೇಳಿಸಿತು.

"ನಿಮ್ಮಣ್ಣನ್ನ ಕೊಂದೋರು ಇನ್ನೂ ಊಟ ಮಾಡ್ತಾ ಇದಾರೆ ಪುಟ್ಟಮಾದಪ್ಪ. ನೀನು ಈತನ್ನ ಕೊಂದರೆ ಅವರು ನೆಮ್ಮದಿಯಾಗಿ ನಿದ್ದೆ ಮಾಡ್ತಾರೆ. ಅದಾ ನಿನಗೆ ಬೇಕಾದ್ದು?"

"ಗಾಜು ಅವನ ಮನೇಲೇ ಸಿಕ್ತಲ್ಲ ಸಾ!" ಪುಟ್ಟಮಾದಪ್ಪ ರಕ್ತ ಉಗುಳಿದ. "ಇನ್ನೇನು ನೋಡ್ಬೇಕು ನೀವು?"

ಸಿಕ್ಕಿದ್ದು ನಿಜ. ಹೋದ ಗುರುವಾರ ಮುಸ್ಸಂಜೆ ಊರಾಚೆಯ ಹುಣಸೆಮರದ ಸ್ಟಾಪಿನಲ್ಲಿ, ಹಣೆಯ ಮೇಲೆ 'ಹನೂರು' ಎಂದು ಕೆಂಪಗೆ ಬೆಳಗುತ್ತಿದ್ದ ಬಸ್ಸು ಹತ್ತಿದ ದೊಡ್ಡಮಾದಪ್ಪ ಮಾರನೇ ಬೆಳಗ್ಗೆ ತಲೆಯೊಡೆದು ಕಾಲುವೆಯಲ್ಲಿ ಸಿಕ್ಕಿದ್ದ. ಆ ಬೋರ್ಡಿನ ಗಾಜು ಇವತ್ತು ಮಧ್ಯಾಹ್ನ ಬೋರ್ಡು ಬರೆಯುವ ಮಾದಸ್ವಾಮಿಯ ಕೋಣೆಯಲ್ಲಿ, ಗೋಣಿ ಸುತ್ತಿದ್ದು, ಮೂಲೆಯಲ್ಲಿ ಒಣರಕ್ತ ಮೆತ್ತಿದ್ದು ಸಿಕ್ಕಿತ್ತು.

ಸಂಜೆ ಏಳಕ್ಕೆ ಮೈಸೂರಿನಿಂದ ಪೊಲೀಸ್ ವ್ಯಾನು ಬರುವುದಿತ್ತು. ಮಾದಸ್ವಾಮಿಯನ್ನು ಅದಕ್ಕೆ ಹತ್ತಿಸಿದರೆ 'ಕೊಲೆಗೆ ಕೈಜೋಡಿಸಿದವನು' ಎಂಬ ಕಾಗದವೂ ಜೊತೆಗೆ ಹತ್ತುತ್ತದೆ. ಆ ಕಾಗದದ ಕೊನೆ ಹಗ್ಗ. ಈಗ ಐದಕ್ಕೆ ಹತ್ತು ನಿಮಿಷ.

"ನೀನೇ ಬರೆದೆಯಾ?" ಕೆಂಪನಂಜಪ್ಪ ಕೇಳಿದ್ದು ಅದು ನಾಲ್ಕನೇ ಸಲ.

ಮಾದಸ್ವಾಮಿಯ ಕಣ್ಣು ಜನರ ತಲೆಗಳ ಮೇಲೆ ಏನನ್ನೋ ಹುಡುಕುತ್ತಿತ್ತು.

ಆಗ ಜನರ ಕಾಲುಗಳ ನಡುವಿನಿಂದ ಒಂದು ಮಂಕರಿ ಮುಂದೆ ಬಂತು, ಅದರ ಹಿಂದೆ ಒಬ್ಬ ಹೆಂಗಸು.

"ಬುಡಿ ಸಾಮಿ ಅವನ್ನ. ಅದು ಅವನ ಬೋರ್ಡಲ್ಲ."

"ಬಂದ್ಲಪ್ಪ!" ಹೆಡ್ ಕಾನ್‌ಸ್ಟೇಬಲ್ಲು ಹಣೆ ಚಚ್ಚಿಕೊಂಡ. "ಸಾರ್, ಬಂಡಳ್ಳಿಯ ಮಾದೇವಮ್ಮ, ಹುಚ್ಚೆಳ್ಳು ಮಾರೋಳು. ಎರಡು ಸಲ ಸ್ಟೇಷನ್ನಿಗೆ ಬಂದಿದ್ಲು, ನಾನೇ ಕಳಿಸಿದೆ. ಒಂದಕ್ಷರ ಬರಲ್ಲ, ಬೋರ್ಡಿನ ಸಾಕ್ಷಿ ಹೇಳ್ತಾಳಂತೆ!"

ಜನ ನಕ್ಕರು. ಅವಳೂ ನಕ್ಕಳು.

"ಓದಾಕೆ ಬರದೇ ಇದ್ದಿದ್ದಕ್ಕೇ ಬದುಕಿವ್ನಿ ಕಣಪ್ಪ. ನಾನೂ ಅವತ್ತು ಅದೇ ಮರದ ಕೆಳಗೇ ನಿಂತಿದ್ದೆ."

ನಗು ನಿಂತಿತು.

*

ಬಸ್ ಕಂಪನಿಯ ಷೆಡ್ಡು ಸ್ಟಾಂಡಿನ ಹಿಂದೆಯೇ. ಹಸಿರು ಬಸ್ಸುಗಳು ಆರು. ಎಲ್ಲವೂ ಒಂದೇ ಬಣ್ಣ, ಒಂದೇ ಮುಖ. ಅಕ್ಕತಂಗಿಯರ ಹಾಗಿರುವ ಅವುಗಳನ್ನು ಬೇರೆಬೇರೆ ಮಾಡುವುದು ಹಣೆಯ ಮೇಲಿನ ಪೆಟ್ಟಿಗೆಯೊಂದೇ. ಪೆಟ್ಟಿಗೆಯೊಳಗೆ ಬಲ್ಬು, ಮುಂದೆ ಊರ ಹೆಸರಿನ ಗಾಜು. ಎರಡು ವರ್ಷದ ಹಿಂದೆ ಕೊಳ್ಳೇಗಾಲ ಮದರಾಸನ್ನು ಬಿಟ್ಟು ಮೈಸೂರಿಗೆ ಸೇರಿದಾಗ ತಮಿಳಿನ ಗಾಜುಗಳೆಲ್ಲ ಇಳಿದವು. ಕನ್ನಡದವನ್ನೆಲ್ಲ ಬರೆದವನು ಮಾದಸ್ವಾಮಿ.

ರಿಪೇರಿಗೆ ನಿಂತಿದ್ದ ಬಸ್ಸೊಂದರ ಮುಂದೆ ಕೆಂಪನಂಜಪ್ಪ ನಿಂತ. ಕಂಪನಿಯ ಮೇಸ್ತ್ರಿ ಪುಟ್ಟಬಸಪ್ಪ ಕೈ ಒರೆಸಿಕೊಳ್ಳುತ್ತ ಬಂದ. ಬಾಗಿಲು ತುಂಬುವ ಮನುಷ್ಯ. ಎಲೆಯಡಿಕೆಯಿಂದ ತುಟಿ ಕೆಂಪು.

"ಬ್ಯಾಟರಿ ಇಳಿದದೆ ಸಾ. ಇಂಜಿನ್ ಓಡ್ಸಿದ್ರೇನೇ ದೀಪ. ಓಡ್ಸನಾ?"

"ಓಡಿಸಿ. ಬಾಗಿಲು ಮುಚ್ಚಿಸಿ. ಕತ್ತಲೆ ಬೇಕು ನನಗೆ."

ಬಾನೆಟ್ಟು ಎತ್ತಿದ್ದ ಹಾಗೇ ಇಂಜಿನ್ ಗುರುಗುಟ್ಟಿತು. ತಗಡಿನ ಬಾಗಿಲು ಎಳೆದರು. ಪೇದೆ ಏಣಿ ಹತ್ತಿ, ರಕ್ತದ ಕಲೆಯ ಗಾಜನ್ನು ಪೆಟ್ಟಿಗೆಗೆ ಇಳಿಸಿದ. ಬಲ್ಬು ಹತ್ತಿತು.

ಕತ್ತಲಲ್ಲಿ ಕೆಂಪು ಅಕ್ಷರ ಮೂರು ತೇಲಿದವು. ಹನೂರು.

"ಹೇಳಿ ಮಾದೇವಮ್ಮ."

ಮಾದೇವಮ್ಮ ಮಂಕರಿ ಕೆಳಗಿಟ್ಟು, ಸೊಂಟಕ್ಕೆ ಕೈ ಕೊಟ್ಟು ನೋಡಿದಳು.

"ಇದೇಯ. ಇದು ಅನೂರಲ್ಲ."

"ಹನೂರು ಅಂತ್ಲೇ ಇದೆಯಲ್ಲಮ್ಮ."

"ನಿಮಗಿರಬೌದು ಸಾಮಿ. ನಮಗೆ ಅನೂರು ಅಂದ್ರೆ ಮೂರು ಮುದ್ದೆ ಸಾಲಾಗಿ ತಟ್ಟೇಲಿಟ್ಟಂಗಿರ್ತದೆ. ನಡುವಿನ ಮುದ್ದೆಗೆ ಬಾಲ. ದೂರದಲ್ಲಿ ಕಂಡ್ರೇ ಒಟ್ಟೆ ಅಸೀತದೆ. ಇದ್ಯೇನು? ಸೀಕಲು ಕಡ್ಡಿಗಳು! ಬಾಣಂತಿಗೆ ಪಥ್ಯ ಬಡಿಸ್ದಂಗೆ."

"ಉಳಿದ ಊರುಗಳು?"

"ನಮ್ಮ ಬಂಡಳ್ಳಿ ಅಂದ್ರೆ ಕುರಿಮಂದೆ. ಹಳದಿ. ಎಲ್ಲಾ ಒಂದೇ ಕಡೀಕೆ ವಾಲ್ಕಂಡು ಓಡ್ತಿರ್ತವೆ. ಯಳಂದೂರು ಕಬ್ಬಿನ ಜಲ್ಲೆ, ಉದ್ದುದ್ದ. ರಾಮಾಪುರ ಮಣೆ ಜೋಡಿಸ್ದಂಗೆ, ಹಸಿರು. ಇವ್ನೇ ಮಾಡ್ಕೊಟ್ಟಿದ್ದು, ಈ ಮಾದಸ್ವಾಮಿ. 'ಅಕ್ಕಯ್ಯ, ನೀವು ಓದ್ಬೇಡಿ, ನೋಡಿ ಸಾಕು' ಅಂದಿದ್ದ. ಪುಣ್ಯಾತ್ಮ."

ಮುರಿದ ಕೈಗೆ ಹಲಗೆ ಕಟ್ಟಿಸಿಕೊಂಡು ಟೈರಿನ ಮೇಲೆ ಕೂತಿದ್ದ ಮಾದಸ್ವಾಮಿ ತಲೆ ತಗ್ಗಿಸಿದ.

"ಗುರುವಾರ ಏನಾಯಿತು?"

"ಬಂಡಳ್ಳಿ ಬಸ್ಸು ತಪ್ಪಿತ್ತು. ಅನೂರಿಗಾದ್ರೂ ಓಗಿ ಅಲ್ಲಿಂದ ನಡ್ಕಂಡು ಓಗಾನ ಅಂತ ನಿಂತಿದ್ದೆ. ಆ ದೊಡ್ಡಮಾದಪ್ಪನೂ ಇದ್ದ. ಇದು ಬಂತು. ಅವ್ನು ಓದ್ಕಂಡ, 'ಬಾ ತಾಯಿ, ಅನೂರು ಬಂತು' ಅಂದ. ನಾನು ಅನೂರಲ್ಲ ಅಂದೆ. ನಕ್ಕ, ಪಾಪ. ಅತ್ತಿದ. ಒಳಗಿಂದ ಒಂದು ಕೈ ಬಂದು ಅವನ ರಟ್ಟೆ ಹಿಡ್ಕಂತು. ಕಂಡಕ್ಟ್ರು ಇರಬೇಕು ಅಂದ್ಕಂಡೆ. ಅರ್ಧ ಗಂಟೆ ಕಳೆದು ನಿಜವಾದ ಅನೂರು ಬಸ್ಸು ಬಂತು. ನಾನು ಅದ್ರಾಗೆ ಊರು ಸೇರ್ಕಂಡೆ."

ಕೆಂಪನಂಜಪ್ಪ ಯಳಂದೂರಿನವನು. ಚಿಕ್ಕವನಾಗಿದ್ದಾಗ ಅಜ್ಜಿ ಹೇಳುತ್ತಿದ್ದ ಕತೆಯೊಂದು ಈಗ ನೆನಪಾಯಿತು. ರಾಕ್ಷಸನೊಬ್ಬ ಸತ್ತ ಮಗನ ರೂಪು ಹೊತ್ತು ಮನೆಗೆ ಬರುತ್ತಾನೆ. ಅದೇ ಮುಖ, ಅದೇ ರುಮಾಲು. ಕಣ್ಣಿದ್ದವರೆಲ್ಲ ಓಡಿ ಅಗಣಿ ತೆಗೆಯುತ್ತಾರೆ. ಮೂಲೆಯಲ್ಲಿದ್ದ ಕುರುಡಿ ಮುದುಕಿ ಮಾತ್ರ, 'ಹೆಜ್ಜೆ ನನ್ನ ಮಗಂದಲ್ಲ, ತೆಗೀಬೇಡಿ' ಎನ್ನುತ್ತಾಳೆ. ಯಾರು ಕೇಳುತ್ತಾರೆ?

ಅವನು ಕಣ್ಣು ಅರೆಮುಚ್ಚಿದ. ಓದುವುದನ್ನು ಬಿಟ್ಟು ಬರೀ ನೋಡಲು ಯತ್ನಿಸಿದ. ಕಷ್ಟವಾಯಿತು, ಕಲಿತ ಕಣ್ಣು ಹೆಸರನ್ನು ಬಿಡುವುದಿಲ್ಲ. ಆಮೇಲೆ ನಿಧಾನವಾಗಿ ಹೆಸರು ಜಾರಿತು. ಉಳಿದದ್ದು ಮೂರು ಬಡಕಲು ಗೆರೆಗಳ ಗಂಟು. ಅಪರಿಚಿತ ಮುಖ.

"ನಾನು ಓಯ್ತೀನಿ ಸಾಮಿ, ಆರಕ್ಕೆ ನಮ್ಮ ಬಸ್ಸು. ನಾಳೆ ಬಂದು ಎಬ್ಬೆಟ್ಟು ಒತ್ತಿಕೊಡ್ತೀನಿ."

"ಓಗು ತಾಯಿ," ಮೇಸ್ತ್ರಿ ಪುಟ್ಟಬಸಪ್ಪನೇ ಬಾಗಿಲು ಸರಿಸಿ ದಾರಿ ಕೊಟ್ಟ. "ಬಸ್ಸು ತಪ್ಪಿಸ್ಕಬ್ಯಾಡ."

ಕೆಂಪನಂಜಪ್ಪನ ಕಣ್ಣು ಗಾಜಿನ ಮೇಲಿತ್ತು. ಹೋಗಿ ಬನ್ನಿ ಎಂದು ಕೈಯಾಡಿಸಿದ. ಆ ಕೈಯಾಡಿಕೆಯನ್ನು ಅವನು ಬದುಕಿರುವವರೆಗೂ ಮರೆಯುವುದಿಲ್ಲ.

*

ಗಾಜನ್ನು ಇಳಿಸಿ, ಟಾರ್ಚಿನ ಬೆಳಕಿನಲ್ಲಿ ತಿರುಗಿಸಿದ. ಬಣ್ಣವೆಲ್ಲ ಹಿಂಬದಿಯಲ್ಲಿತ್ತು. ಮೊದಲು ಕಪ್ಪು, ಅಕ್ಷರದ ಜಾಗವನ್ನು ಖಾಲಿ ಬಿಟ್ಟು. ಆಮೇಲೆ ಇಡೀ ಗಾಜಿಗೆ ತೆಳುವಾದ ಕೆಂಪು.

"ಈ ಊರಲ್ಲಿ ಬೋರ್ಡು ಬರೆಯೋರು ಇನ್ನೂ ಇಬ್ಬರಿದಾರೆ. ಅವರು ತಗಡಿನ ಮೇಲೆ ಅಕ್ಷರ ಬರೀತಾರೆ. ಇದರಲ್ಲಿ ಅಕ್ಷರವನ್ನೇ ಬರೆದಿಲ್ಲ."

ಮಾದಸ್ವಾಮಿಗೆ ತಡೆಯಲಾಗಲಿಲ್ಲ. ಕಸುಬಿನ ಮಾತು ಬಂದರೆ ಸಾಯುವವನೂ ಬಾಯಿ ಬಿಡುತ್ತಾನೆ.

"ಗಾಜಿನ ಬೋರ್ಡಿಗೆ ಬರೆಯೋದು ಅಕ್ಷರ ಅಲ್ಲ ಸಾ. ಅಕ್ಷರದ ಸುತ್ತ ಇರೋ ಕತ್ತಲೆ. ಅದೂ ಹಿಂದಿನಿಂದ, ತಿರುಗಾಮುರುಗಾ."

"ಯಾಕೆ ದಪ್ಪ ಬರೀತಿದ್ದೆ?"

"ದಪ್ಪ ಇದ್ರೆ ಎರಡು ಫರ್ಲಾಂಗಿಂದ ಕಾಣ್ತದೆ. ಆದ್ರೆ ಅಕ್ಷರದ ಒಳಗಿನ ಖಾಲಿ ಜಾಗ, ಅದ್ರ ಒಟ್ಟೆ, ಅಗಲ ಬುಡ್ಬೇಕು. ಇಲ್ದಿದ್ರೆ ಬೆಳಕು ಒಟ್ಟೇನ ತಿಂದ್ಬುಡ್ತದೆ, ಆಮೇಲೆ ಎಲ್ಲಾ ಒಂದೇ ಉಂಡೆ."

"ಅಂದರೆ ಇದು ನಿನ್ನ ಕೆಲಸವೇ."

ಮಾದಸ್ವಾಮಿ ಬಲಗೈಯನ್ನು ಮಡಿಲಿಗೆ ಇನ್ನಷ್ಟು ಒತ್ತಿಕೊಂಡ.

"ಈ ಕಡ್ಡಿ ಅಕ್ಷರ ನೋಡು. ಒಂದು ಕಡೆಯೂ ಕುಂಚ ನಡುಗಿಲ್ಲ. ಅವಸರದಲ್ಲಿ ಕೆಟ್ಟಿದ್ದಲ್ಲ ಇದು. ದಪ್ಪ ಬರೆಯೋ ಕೈ ಬೇಕೂಂತಲೇ ಸಣ್ಣಗೆ ಬರೆದಿದೆ. ಯಾಕೆ ಮಾದಸ್ವಾಮಿ?"

ಮಾದಸ್ವಾಮಿಯ ಕಣ್ಣು ಮತ್ತೆ ಎದ್ದಿತು. ಈ ಸಲ ಕೆಂಪನಂಜಪ್ಪ ಅದರ ಜಾಡು ಹಿಡಿದ. ಅದು ಹೋಗಿ ನಿಂತದ್ದು ಬಾನೆಟ್ಟಿನ ಪಕ್ಕದಲ್ಲಿ, ಮೇಸ್ತ್ರಿಯ ಕೆಂಪು ತುಟಿಯ ಮೇಲೆ.

"ಬಲಗೈಗೇನಾಗಿದೆ?"

"ಟರ್ಪೆಂಟೈನ್ ಬಿದ್ದು ಸುಟ್ಟಿತು ಸಾ."

"ಬಿಚ್ಚು."

"ಬ್ಯಾಡ ಸಾ."

ಕೆಂಪನಂಜಪ್ಪ ತಾನೇ ಬಟ್ಟೆ ಬಿಚ್ಚಿದ. ಕೊನೆಯ ಸುತ್ತು ಮಾಂಸಕ್ಕೆ ಅಂಟಿತ್ತು. ಕಿತ್ತಾಗ ಮಾದಸ್ವಾಮಿ ತುಟಿ ಕಚ್ಚಿ ರಕ್ತ ಬರಿಸಿಕೊಂಡ. ಮೂರು ಬೆರಳುಗಳಲ್ಲಿ ಉಗುರಿರಲಿಲ್ಲ. ಇದ್ದ ಜಾಗ ಹಸಿ ಬಾಯಂತಿತ್ತು. ಒಂದೊಂದರ ಪಕ್ಕದಲ್ಲೂ ಇಕ್ಕಳದ ಹಲ್ಲಿನ ಗುರುತು ಸಾಲಾಗಿ ಮೂಡಿತ್ತು.

ಕೆಂಪನಂಜಪ್ಪ ಗೋಡೆಯ ಮೇಲೆ ತೂಗುಹಾಕಿದ್ದ ಸಾಮಾನುಗಳನ್ನು ನೋಡಿದ. ಸ್ಪ್ಯಾನರು, ಸುತ್ತಿಗೆ, ಇಕ್ಕಳ.

"ಪುಟ್ಟಬಸಪ್ಪ, ಆ ಇಕ್ಕಳ ಕೊಡಿ ಇಲ್ಲಿ."

ಮೇಸ್ತ್ರಿ ನಕ್ಕ. "ಯಾವ್ದು ಸಾ, ಇದಾ?"

ಇಕ್ಕಳದ ಬದಲು ಬಂದದ್ದು ಸುತ್ತಿಗೆ. ಅದು ಕೆಂಪನಂಜಪ್ಪನ ಕಿವಿಯ ಪಕ್ಕದಲ್ಲಿ ಹಾದು ಪೇದೆಯ ಹಣೆಗೆ ಬಡಿಯಿತು. ಪೇದೆ ಒಂದು ಸದ್ದೂ ಮಾಡದೆ ಕುಸಿದ. ಅಷ್ಟರಲ್ಲಿ ತಗಡು ಕತ್ತರಿಸುವ ಕತ್ತರಿ ಹಿಡಿದು ಮೇಸ್ತ್ರಿ ಮಾದಸ್ವಾಮಿಯ ಮೇಲೆ ಬಿದ್ದಿದ್ದ.

"ಏಳಿದ್ನಲ್ಲ ಬಾಯಿ ಬುಡಬ್ಯಾಡ ಅಂತ! ನಾಲಗೆ ಉದ್ದ ಆಯ್ತಾ?"

ಕತ್ತರಿಯ ಬಾಯಿ ಮಾದಸ್ವಾಮಿಯ ಗಂಟಲಿನ ಚರ್ಮ ಹಿಡಿಯಿತು. ಕೆಂಪನಂಜಪ್ಪ ಹಿಂದಿನಿಂದ ಹಾರಿ ಅವನ ಕಣ್ಣುಗಳಿಗೆ ಬೆರಳು ಹಾಕಿ ಎಳೆದ. ಮೇಸ್ತ್ರಿ ಎದ್ದ, ಬೆನ್ನ ಮೇಲಿದ್ದ ಇನ್‌ಸ್ಪೆಕ್ಟರನ್ನು ಗೋಡೆಗೆ ಒಂದು ಸಲ, ಎರಡು ಸಲ ಚಚ್ಚಿದ. ಎರಡನೇ ಸಲಕ್ಕೆ ಪಕ್ಕೆಯಲ್ಲಿ ಏನೋ ಮುರಿಯಿತು. ಕೆಂಪನಂಜಪ್ಪ ಕೈ ಬಿಟ್ಟು ಜಾರಿಬಿದ್ದ.

ಕತ್ತರಿ ಅವನ ಹೊಟ್ಟೆಯ ಕಡೆಗೆ ಬಂತು. ಹೊರಳಿದ. ಅದು ನೆಲದ ಸಿಮೆಂಟಿನಿಂದ ಕಿಡಿ ಹಾರಿಸಿತು. ಬಿದ್ದಲ್ಲಿಂದಲೇ ಎರಡು ಕಾಲೂ ಜೋಡಿಸಿ ಮೇಸ್ತ್ರಿಯ ಮಂಡಿಗೆ ಒದ್ದ. ಅಷ್ಟು ದೊಡ್ಡ ದೇಹ ಹಿಂದಕ್ಕೆ ಓಲಾಡಿತು, ಹಿಡಿದುಕೊಳ್ಳಲು ಕೈ ಚಾಚಿತು. ಸಿಕ್ಕಿದ್ದು ತೆರೆದ ಬಾನೆಟ್ಟು. ಅದರೊಳಗೆ ಇಂಜಿನ್ನಿನ ಫ್ಯಾನು, ಅವನೇ ತಿರುಗಿಸಿಟ್ಟದ್ದು.

ಮೊದಲು ಬಂದದ್ದು ಸದ್ದು. ಒದ್ದೆ ಬಟ್ಟೆಯನ್ನು ಬಂಡೆಗೆ ಬಡಿದಂತೆ. ಆಮೇಲೆ ಕಿರುಚಾಟ. ಬಸ್ಸಿನ ಹಸಿರು ಮುಖಕ್ಕೆ ಕೆಂಪು ಹನಿಗಳು ಸಿಡಿದವು. ಕೆಂಪನಂಜಪ್ಪ ತೆವಳಿಕೊಂಡು ಹೋಗಿ ಇಂಜಿನ್ ಆರಿಸುವ ಹೊತ್ತಿಗೆ ಪುಟ್ಟಬಸಪ್ಪನ ಬಲಗೈಯಲ್ಲಿ ಹೆಬ್ಬೆರಳೊಂದೇ ಉಳಿದಿತ್ತು.

"ಯಾರು ಹೇಳಿದ್ದು ನಿನಗೆ? ಯಾರ ಮಾತಿಗೆ ಇದೆಲ್ಲ ಮಾಡಿದೆ?"

ಮೇಸ್ತ್ರಿ ಗೋಡೆಗೊರಗಿ ಕೂತು, ತನ್ನ ಕೈಯನ್ನು ಯಾರದೋ ಕೈ ಎಂಬಂತೆ ನೋಡುತ್ತಿದ್ದ. ಮುಖ ಬೂದಿಯಾಗಿತ್ತು. ಆದರೂ ತುಟಿ ಅರಳಿತು.

"ಎಷ್ಟು ಗಂಟೆ ಸಾ ಈಗ?"

"ಏನು?"

"ಎಷ್ಟು ಗಂಟೆ ಅಂತ ಕೇಳ್ದೆ." ಅಷ್ಟೇ. ಕಣ್ಣು ಮುಚ್ಚಿಕೊಂಡ. ಕೆನ್ನೆಗೆ ಎರಡು ಬಾರಿಸಿದರೂ ತೆರೆಯಲಿಲ್ಲ.

*

"ಈಗ ಹೇಳು ಮಾದಸ್ವಾಮಿ. ಇವನಿನ್ನು ನಿನ್ನ ಮುಟ್ಟಲಾರ."

ಮಾದಸ್ವಾಮಿಯ ಗಂಟಲಿನಿಂದ ರಕ್ತ ಅಂಗಿಯೊಳಗೆ ಇಳಿಯುತ್ತಿತ್ತು. "ಇವನೊಬ್ನೇ ಅಲ್ಲ ಸಾ. ನನ್ನೆಂಡ್ತಿ ಮನೇಲಿ ಒಬ್ಳೇ ಅವ್ಳೆ. ಅವ್ಳು ಕಣ್ಮುಂದೆ ಬರೋಗಂಟ ನಾನು ಉಸಿರು ಬುಡಾಕಿಲ್ಲ. ಕೊಂದಾಕಿ ಬೇಕಾದ್ರೆ."

ಗದರಿಸಿ ಪ್ರಯೋಜನವಿರಲಿಲ್ಲ. ಉಗುರು ಕೊಟ್ಟೂ ಬಾಯಿ ಬಿಡದವನು ಅವನು. ಹೊರಗಿದ್ದ ಹೆಡ್ ಕಾನ್‌ಸ್ಟೇಬಲ್ಲು ಪ್ರಜ್ಞೆಯಿಲ್ಲದ ಪೇದೆಯನ್ನು ಆಸ್ಪತ್ರೆಗೆ ಕಳಿಸಿ, ಅವಳನ್ನು ಕರೆತರಲು ಸೈಕಲ್ಲು ಹತ್ತಿ ಓಡಿದ. ಕಾದರು. ಷೆಡ್ಡಿನ ತಗಡಿನ ಸಂದಿನಲ್ಲಿ ಮಾರ್ಗಶಿರದ ಬೆಳಕು ಅರಿಶಿನವಾಗಿ, ಆಮೇಲೆ ಬೂದುಬಣ್ಣವಾಗಿ ಇಳಿಯಿತು.

ಹೆಂಡತಿ ಚಾಮುಂಡಮ್ಮ ಬಂದಳು. ಗಂಡನ ಗಂಟಲು ನೋಡಿದಳು, ಕೈ ನೋಡಿದಳು, ಬಿದ್ದಿದ್ದ ಮೇಸ್ತ್ರಿಯನ್ನು ನೋಡಿದಳು. ಅಳಲಿಲ್ಲ. ನೆಟ್ಟಗೆ ನಡೆದು ಹೋಗಿ ಮೇಸ್ತ್ರಿಯ ಮುಖಕ್ಕೆ ಕಾಲಿನಿಂದ ಒಂದು ಒದ್ದಳು. ತಡೆಯಲು ಯಾರೂ ಅವಸರ ಮಾಡಲಿಲ್ಲ.

"ಬಾಯಿ ಬುಡು," ಎಂದಳು ಗಂಡನಿಗೆ. "ಎಲ್ಲಾನೂ ಏಳ್ಬುಡು. ನಾನಿಲ್ಲೇ ಇವ್ನಿ."

ಆಗ ಅವನು ಬಾಯಿ ಬಿಟ್ಟ.

"ಬರೆದೆ ಸಾ. ನಾನೇ ಬರೆದೆ. ಗುರುವಾರ ಬೆಳಿಗ್ಗೆ ಈ ಮೇಸ್ತ್ರಿ ಬಂದ, ಇನ್ನೊಬ್ರು ಬಾಗಿಲಾಚೆ ನಿಂತಿದ್ರು, ಮುಖ ಕಾಣಿಸ್ನಿಲ್ಲ. ಬೆಳ್ಳಿ ಉಂಗುರದ ಕೈಯೊಂದು ಕಂಡಿತು ಅಷ್ಟೇ. ಅನೂರಿನ ಗಾಜು ಬಸ್ಸಿನ ಮೇಲದೆ, ಇನ್ನೊಂದು ಬೇಕು, ಸಂಜೆಯೊಳಗೆ ಅಂದ. ಯಾಕೆ ಅಂದೆ. 'ನಿನ್ನೆಂಡ್ತಿ ಯಾವ ಬಾವೀಲಿ ನೀರು ಸೇದ್ತಾಳೆ ಅಂತ ಗೊತ್ತು' ಅಂದ. ಆಮೇಲೆ ನಾನೇನೂ ಕೇಳ್ನಿಲ್ಲ."

"ದೊಡ್ಡಮಾದಪ್ಪನಿಗೆ ಅಂತ ಗೊತ್ತಿತ್ತಾ?"

"ದೇವ್ರಾಣೆಗೂ ಗೊತ್ತಿರಲಿಲ್ಲ. ಯಾರ್ಗೋ ಕೇಡು ಅಂತ ಗೊತ್ತಿತ್ತು." ಉಗುರಿಲ್ಲದ ಕೈಯಿಂದ ಮೇಸ್ತ್ರಿಯನ್ನು ತೋರಿಸಿದ. "ಅದಕ್ಕೇಯ ಸಣ್ಣಗೆ ಬರೆದೆ ಸಾ. ಇವ್ನು ಓದಿ ನೋಡ್ದ, ಸರಿಯಾಗಿ ಅದೆ ಅಂದ, ಎತ್ಕಂಡು ನಡೆದ. ಅವ್ನಿಗೆ ಓದಾಕೆ ಬರ್ತದಲ್ಲ! ನಮ್ಮ ಅಕ್ಕಂದಿರು, ಕೂಲಿಯೋರು, ಸಂತೆಗೋಗೋರು ಯಾರೂ ಆ ಬಸ್ಸು ಅತ್ತಾಕಿಲ್ಲ ಅಂದ್ಕಂಡೆ. ಅವ್ರಿಗೆ ನನ್ನ ಅನೂರು ಗೊತ್ತು. ಅವ್ರು ಅತ್ತನೂ ಇಲ್ಲ. ಓದು ಬಲ್ಲೋನು ಒಬ್ಬ ಅಲ್ಲಿ ನಿಂತಿರ್ತಾನೆ ಅಂತ..."

ಚಾಮುಂಡಮ್ಮ ಅವನ ತಲೆಯನ್ನು ತನ್ನ ಸೊಂಟಕ್ಕೆ ಒತ್ತಿಕೊಂಡಳು.

"ಓದು ಬಲ್ಲೋನು ಒಬ್ಬ ನಿಂತಿರ್ತಾನೆ ಅಂತ ನನ್ನ ತಲೆಗೇ ಬರ್ನಿಲ್ಲ ಸಾ."

ಕೆಂಪನಂಜಪ್ಪನಿಗೆ ಪಕ್ಕೆಯ ನೋವು ಮರೆತುಹೋಯಿತು. ಏಳರ ವ್ಯಾನಿಗೆ ಇವನನ್ನು ಹತ್ತಿಸುವುದಿಲ್ಲ ಎಂದು ಅವನು ಆಗಲೇ ತೀರ್ಮಾನಿಸಿದ್ದ. ದೊಡ್ಡಮಾದಪ್ಪ ಆ ಶುಕ್ರವಾರ ಹನೂರಿನ ಠಾಣೆಯಲ್ಲಿ ಗಂಧದ ಮರದ ಕಳ್ಳಸಾಗಣೆ ಕುರಿತು ಹೇಳಿಕೆ ಕೊಡುವುದಿತ್ತು; ಹೆದರಿಕೊಂಡು ಯಾರ ಗಾಡಿಗೂ ಹತ್ತದೆ, ಬಸ್ಸನ್ನೊಂದೇ ನಂಬಿದ್ದ. ಇಷ್ಟು ಈಗ ಸರಿಹೊಂದಿತು. ಒಂದು ಮಾತ್ರ ಹೊಂದಲಿಲ್ಲ.

"ಉಗುರು ಯಾವಾಗ ಕಿತ್ತದ್ದು?"

"ನೆನ್ನೆ ಬೆಳಿಗ್ಗೆ. ಮೊನ್ನೆ ಸಂತೇಲಿ ಆ ಮಾದೇವಕ್ಕ ಸಿಕ್ಸಿಕ್ದೋರ್ಗೆಲ್ಲ, 'ಅವತ್ತು ಬಂದಿದ್ದು ನಮ್ಮ ಅನೂರು ಬೋರ್ಡಲ್ಲ' ಅಂತ ಏಳ್ಕಂಡು ತಿರುಗಿದ್ಲಂತೆ. ಇವ್ರ ಕಿವಿಗೂ ಬಿತ್ತು. ನಾನು ಮಾಡಿದ್ದು ತಿಳೀತು." ಮಾದಸ್ವಾಮಿ ಬೆರಳುಗಳನ್ನು ಎತ್ತಿ ನೋಡಿಕೊಂಡ. "ಮೂರು ಕಿತ್ರು. ಎಬ್ಬೆಟ್ಟೂ ತೋರುಬೆರಳೂ ಬುಟ್ರು, ಕುಂಚ ಹಿಡಿಯಾಕೆ ಬೇಕಲ್ಲ ಅಂತ."

ಕೆಂಪನಂಜಪ್ಪ ಮೆಲ್ಲಗೆ ಕೇಳಿದ. "ಯಾವ ಕುಂಚ? ಏನು ಬರೆಯೋಕೆ?"

"ಇನ್ನೊಂದು ಬೋರ್ಡು."

"ಇನ್ನೊಂದಾ!"

"ಈ ಸಲ ನಿಜವಾದ ಗಾಜನ್ನೇ ಬಿಚ್ಕಂಡು ಬಂದು ಪಕ್ಕದಲ್ಲಿಟ್ಕಂಡು ಕೂತಿದ್ರು ಸಾ. ಗೆರೆಗೆ ಗೆರೆ, ಬಾಗಿಗೆ ಬಾಗು. ಒಂದು ಕೂದಲೆಳೆ ತಪ್ಪಿದ್ರೂ ಇಕ್ಕಳ ತೋರ್ಸೋರು. ಎರಡನ್ನೂ ಜೊತೇಲಿಟ್ರೆ ಬರೆದ ನನ್ಗೇ ಯಾವುದು ಯಾವುದು ಅಂತ ಗೊತ್ತಾಗಾಕಿಲ್ಲ."

"ಯಾವೂರಿನ ಬೋರ್ಡು ಮಾದಸ್ವಾಮಿ?"

"ಬಂಡಳ್ಳಿ."

ಕೆಂಪನಂಜಪ್ಪ ಬಾಗಿಲನ್ನು ತೆಗೆಯಲಿಲ್ಲ, ಹೆಗಲಿನಿಂದ ತಳ್ಳಿಕೊಂಡೇ ಹೊರಬಿದ್ದ. ಪಕ್ಕೆಯ ಮುರಿದ ಮೂಳೆ ಹೆಜ್ಜೆಹೆಜ್ಜೆಗೂ ಒಳಗೆ ಚುಚ್ಚಿತು. ಸ್ಟಾಂಡಿನಲ್ಲಿ ಜನ ಕರಗಿದ್ದರು. ಟಿಕೆಟ್ ಕಿಟಕಿಯ ಏಜೆಂಟು ಲಾಂದ್ರ ಹಚ್ಚುತ್ತಿದ್ದ.

"ಬಂಡಳ್ಳಿ ಬಸ್ಸು! ಹೊರಟುಹೋಯ್ತಾ?"

"ಎಲ್ಲಿಗೋಯ್ತದೆ ಸಾ? ಅಲ್ಲೇ ನಿಂತದಲ್ಲ, ಮೂರು ಗಂಟೆಯಿಂದ, ಚಕ್ರ ಬಿಚ್ಕಂಡು."

ಮೂಲೆಯಲ್ಲಿ ಕಲ್ಲುಗಳ ಮೇಲೆ ಎತ್ತಿ ನಿಲ್ಲಿಸಿದ ಬಸ್ಸೊಂದು ಕುಂಟನಂತೆ ನಿಂತಿತ್ತು. ಅದರ ಹಣೆಯ ಗಾಜಿನಲ್ಲಿ, ದೀಪವಿಲ್ಲದಿದ್ದರೂ, ಒಂದೇ ಕಡೆಗೆ ವಾಲಿದ ಹಳದಿ ಅಕ್ಷರಗಳು.

"ಹುಚ್ಚೆಳ್ಳು ಮಾರೋ ಹೆಂಗಸು? ಮಂಕರಿಯವಳು?"

"ಆ ಬಾಯಿಬಡುಕಿಯಾ! ಬಸ್ಸು ಕೆಟ್ಟದೆ, ಕಾಯಮ್ಮ ಅಂದೆ. ಕೇಳ್ಬೇಕಲ್ಲ. ಹುಣಸೆಮರದ ಕಡೆ ಕೈ ತೋರ್ಸಿ, 'ಅಗೋ, ನಮ್ಮ ಬಂಡಳ್ಳಿ ಬಂತು, ನಿಂಗೇನು ಗೊತ್ತು ಸುಮ್ಕಿರು' ಅಂತ ಓಡ್ಬುಟ್ಲು. ಆಯ್ತು ಐದು ನಿಮಿಷ."

ಕೆಂಪನಂಜಪ್ಪ ರಸ್ತೆಗೆ ಓಡಿದ. ಕೆರೆಯ ಆಚೆ ದಡದಲ್ಲಿ, ಏರಿಯ ಮೇಲೆ, ಹಸಿರು ಬಸ್ಸೊಂದು ನಿಧಾನವಾಗಿ ಸಾಗುತ್ತಿತ್ತು. ಒಳಗಿನ ದೀಪದಲ್ಲಿ ಸೀಟುಗಳೆಲ್ಲ ಖಾಲಿ. ನಡುವಿನ ಕಿಟಕಿಯೊಂದರಲ್ಲಿ ಒಂದೇ ತಲೆ, ಸೆರಗು ಹೊದ್ದದ್ದು. ಹಿಂದಿನ ಸೀಟಿನಿಂದ ಇಬ್ಬರು ಎದ್ದು ಆ ತಲೆಯ ಕಡೆಗೆ ನಡೆಯತೊಡಗಿದರು.

ಬಸ್ಸಿನೊಳಗಿನ ದೀಪ ಆರಿತು.